ಎಲ್ಲಾ ‘ಮೂವತ್ತೆರಡೂ’ ಒಂದೇ ಅಲ್ಲ: ಬಳಗಾನೂರಿನಿಂದ ಬಂದ ಒಂದು ಫೋನ್ ಕಾಲ್

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋದಕ್ಕಿಂತ ಕೇಳೋದೇ ಇಷ್ಟ ಅನ್ನೋರು ಮೇಲಿರುವ ಪ್ಲೇ ಬಟನ್ ಒತ್ತಿ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಇವತ್ತು ಮಾತು ಬಂದೂಕಿನ ಗುಂಡಿನ ಬಗ್ಗೆ. ಪಕ್ಕದವರು ತಪ್ಪು ತಿಳಿಯೋದು ಬೇಡ.

ವಿಷಯ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ನಮ್ಮೂರು ಬಳಗಾನೂರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯೋರಿಗೆ ಗೊತ್ತಿರುತ್ತೆ. ಉಳಿದವರಿಗೆ ಹೇಳೋದಾದ್ರೆ ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತದ ಗದ್ದೆ, ಸುಗ್ಗಿ ಬಂತಂದ್ರೆ ರಸ್ತೆ ತುಂಬ ಟ್ರ್ಯಾಕ್ಟರ್. ಅಲ್ಲಿ ನಮ್ಮ ಕಾಕಾ ಭತ್ತದ ವ್ಯಾಪಾರ ಮಾಡ್ತಾರೆ. ಸುಗ್ಗಿಯಲ್ಲಿ ಕೈಯಲ್ಲಿ ರೊಕ್ಕ ಇಟ್ಕೊಂಡು ರಾತ್ರಿ ಓಡಾಡ್ಬೇಕಾಗುತ್ತೆ ಅಂತ ಬಹಳ ವರ್ಷದ ಹಿಂದೆ ಲೈಸೆನ್ಸ್ ಮಾಡಿಸಿ ಒಂದು .32 ರಿವಾಲ್ವರ್ ತಗೊಂಡಿದ್ರು. ಅದನ್ನ ಅವರು ಯಾರ ಮೇಲೂ ಎತ್ತಿಲ್ಲ. ಪ್ರತಿ ಚುನಾವಣೆಗೆ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬರೋದು, ಮುಗಿದ ಮೇಲೆ ವಾಪಸ್ ತರೋದು, ದಸರಾಕ್ಕೆ ಅರಿಶಿಣ ಕುಂಕುಮ ಹಚ್ಚೋದು. ಇಷ್ಟೇ ಅದರ ಜೀವನ.

ಕಾಕಾನ ಮಗನಿಗೆ ಇಪ್ಪತ್ತೆರಡು ವರ್ಷ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ‘ಅಣ್ಣಾ, ಮಲಗಿದ್ಯೇನು? ಒಂದು ಕೇಳ್ಬೇಕಿತ್ತು. ಅಮೆರಿಕದಾಗ ಖಾಲಿ ತೋಟಾನ ಮನಿಯಾಗೇ ಮತ್ತ ತುಂಬ್ತಾರ ನೋಡು, ವಿಡಿಯೋದಾಗ ನೋಡೀನಿ. ಅದಕ್ಕ ಡೈ ಅಂತ ಬರ್ತದ. .38ರ ಡೈ ಕಡಿಮಿ ರೇಟಿಗೆ ಅದ. ಅದನ್ನ ತರಿಸಿದ್ರ ಅಪ್ಪನ .32ಕ್ಕ ನಡೀತದೇನು? ಒಂದು ಡೈ ಎಲ್ಲಾದಕ್ಕೂ ಆಗ್ತದಂತ ಯಾರೋ ಹೇಳ್ಯಾರ.’

ನಾನು ಎದ್ದು ಕೂತೆ. ‘ತಮ್ಮಾ, ಆರ್ಡರ್ ಮಾಡಿ ಆತೇನು?’ ಅಂದೆ. ‘ಇಲ್ಲಣ್ಣಾ, ಕಾರ್ಟ್‌ನ್ಯಾಗ ಹಾಕೀನಿ ಅಷ್ಟ.’

ಸದ್ಯ. ಅವನಿಗೆ ಆ ರಾತ್ರಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ನಿಮಗೂ ಹೇಳ್ತೀನಿ. ಯಾಕಂದ್ರೆ ಇಂಥ ವಿಡಿಯೋಗಳು ನಿಮ್ಮ ಫೋನಿಗೂ ಬರ್ತವೆ. ಅದರಲ್ಲಿ ‘ಹೇಗೆ’ ಅನ್ನೋದು ಇರುತ್ತೆ, ‘ಎಲ್ಲಿ, ಯಾವ ಕಾನೂನಿನ ಕೆಳಗೆ’ ಅನ್ನೋದು ಇರೋದಿಲ್ಲ.

ಮೊದಲು ತೋಟಾ ಅಂದ್ರೇನು ನೋಡೋಣ. ನಮ್ಮ ಸುದ್ದಿಗಳಲ್ಲಿ ‘ಜೀವಂತ ಗುಂಡು ಪತ್ತೆ’ ಅಂತ ಬರುತ್ತಲ್ಲ, ಅದು ಪೂರ್ತಿ ತೋಟಾ. ಅದರಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಸಿಕ್ಕಿಸಿದ ಗುಂಡು. ಹೊಡೆದಾಗ ಗುಂಡು ಹೋಗುತ್ತೆ, ಮದ್ದು ಉರಿದು ಹೋಗುತ್ತೆ, ಪ್ರೈಮರ್ ಸತ್ತು ಹೋಗುತ್ತೆ. ಹಿತ್ತಾಳೆ ಕೊಳವೆ ಮಾತ್ರ ಉಳಿಯುತ್ತೆ. ಇಡೀ ತೋಟಾದಲ್ಲಿ ದುಬಾರಿ ಭಾಗ ಅದೇ. ಅಮೆರಿಕದಂಥ ಕಡೆ ಜನ ಅದನ್ನ ಎಸೆಯದೆ ಮತ್ತೆ ತುಂಬೋದು ಇದಕ್ಕೇ. ಅದಕ್ಕೆ ರೀಲೋಡಿಂಗ್ ಅಂತಾರೆ.

ಆದರೆ ಹೊಡೆದ ಕೊಳವೆ ಮೊದಲಿನಂಗೆ ಇರಲ್ಲ. ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಬಂದೂಕಿನ ಕೋಣೆಗೆ ಅಂಟಿಕೊಳ್ಳುತ್ತೆ. ಆಮೇಲೆ ಸ್ವಲ್ಪ ಕುಗ್ಗಿದ್ರೂ ಹಳೇ ಅಳತೆಗೆ ಬರಲ್ಲ. ಅದನ್ನ ಮತ್ತೆ ಅಳತೆಗೆ ತರೋ ಉಕ್ಕಿನ ಅಚ್ಚೇ ಡೈ. ನಮ್ಮ ಕಡೆ ಪೈಪ್ ಫಿಟ್ಟಿಂಗ್ ಅಂಗಡಿಯಲ್ಲಿ ಚೂಡಿ ಹೊಡೆಯೋಕೆ ಇರೋ ಡೈ ಬೇರೆ, ತಲೆಗೂದಲಿಗೆ ಹಚ್ಚೋ ಡೈ ಇನ್ನೂ ಬೇರೆ.

ಕೈಬಂದೂಕಿನ ತೋಟಾಕ್ಕೆ ಸಾಮಾನ್ಯವಾಗಿ ಮೂರು ಡೈ ಒಂದು ಪೆಟ್ಟಿಗೆಯಲ್ಲಿ ಬರ್ತವೆ. ಮೊದಲನೇದು ಉಬ್ಬಿದ ಕೊಳವೆಯನ್ನ ಒತ್ತಿ ಅಳತೆಗೆ ತರುತ್ತೆ, ಸತ್ತ ಪ್ರೈಮರನ್ನ ಹೊರಗೆ ತಳ್ಳುತ್ತೆ. ಎರಡನೇದು ಬಾಯಿಯನ್ನ ಒಂಚೂರು ಅಗಲ ಮಾಡುತ್ತೆ. ಮೂರನೇದು ಗುಂಡನ್ನ ಕೂರಿಸಿ ಬಾಯಿ ಬಿಗಿ ಮಾಡುತ್ತೆ.

ಈಗ ನಮ್ಮ ಹುಡುಗನ ಪ್ರಶ್ನೆ. ಒಂದು ಡೈ ಎಲ್ಲಾದಕ್ಕೂ ಆಗುತ್ತಾ?

ಮನೆಯಲ್ಲಿ ಚಕ್ಕಲಿ ಒತ್ತೋ ಹಿತ್ತಾಳೆ ಸಾಮಾನು ನೆನಪು ಮಾಡ್ಕೊಳ್ಳಿ. ಹಿಡಿಕೆ ಒಂದೇ, ಕೆಳಗಿನ ಬಿಲ್ಲೆ ಬದಲಾಯಿಸಿದ್ರೆ ಚಕ್ಕಲಿ, ಶೇವು, ಶಾವಿಗೆ. ಇಲ್ಲೂ ಹಂಗೇ. ಡೈ ಕೂರಿಸೋ ಪ್ರೆಸ್ಸಿನ ಚೂಡಿ ಹೆಚ್ಚುಕಮ್ಮಿ ಜಗತ್ತಿಗೆಲ್ಲ ಒಂದೇ: ಮುಕ್ಕಾಲು ಇಂಚಿಗಿಂತ ತುಸು ದಪ್ಪ, ಅಂದ್ರೆ 22.2 ಮಿಲಿಮೀಟರ್, ಇಂಚಿಗೆ 14 ಸುತ್ತು. ಹಾಗಾಗಿ ಯಾವ ಕಂಪನಿಯ ಡೈ ಆದ್ರೂ ಯಾವ ಪ್ರೆಸ್ಸಿಗಾದ್ರೂ ಬಹುತೇಕ ಕೂರುತ್ತೆ. ‘ಎಲ್ಲಾದಕ್ಕೂ ಆಗ್ತದ’ ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದಲೇ ಅಂತ ನನ್ನ ಲೆಕ್ಕ. ಕೂರೋದು ಬೇರೆ, ಕೆಲಸ ಮಾಡೋದು ಬೇರೆ. ಶಾವಿಗೆ ಬಿಲ್ಲೆ ಹಾಕಿ ಚಕ್ಕಲಿ ಬರಲಿಲ್ಲ ಅಂದ್ರೆ ಹಿಡಿಕೆಯನ್ನ ಬೈಯೋಕಾಗಲ್ಲ.

ಡೈ ನೋಡೋದು ಗುಂಡಿನ ಹೆಸರನ್ನಲ್ಲ, ಕೊಳವೆಯ ಹೊರಗಿನ ದಪ್ಪವನ್ನ. ದಪ್ಪ ಒಂದೇ ಇದ್ದು ಉದ್ದ ಮಾತ್ರ ಬೇರೆ ಆಗಿರೋ ತೋಟಾಗಳಿಗೆ ಒಂದೇ ಡೈ ನಡೆಯುತ್ತೆ. ಇದಕ್ಕೆ ಎಲ್ಲರೂ ಕೊಡೋ ಉದಾಹರಣೆ .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್. ಎರಡರ ಕೊಳವೆಯ ದಪ್ಪವೂ 9.6 ಮಿಲಿಮೀಟರ್. ಸ್ಪೆಷಲ್ ಉದ್ದ 29.3 ಮಿಲಿಮೀಟರ್, ಮ್ಯಾಗ್ನಮ್ 32.8. ಅಷ್ಟೇ ವ್ಯತ್ಯಾಸ. ಮೊದಲನೇ ಡೈಗೆ ಉದ್ದದ ಚಿಂತೆ ಇಲ್ಲ. ಬಾಯಿ ಅಗಲ ಮಾಡೋ, ಗುಂಡು ಕೂರಿಸೋ ಡೈಗಳನ್ನ ಮಾತ್ರ ಮೂರೂವರೆ ಮಿಲಿಮೀಟರ್ ಮೇಲೆ ಕೆಳಗೆ ಮಾಡಬೇಕು. ಕೆಲವು ಕಂಪನಿಗಳು ಅದಕ್ಕೇ ಅಂತ ಒಂದು ದಪ್ಪ ವಾಷರ್ ಕೊಡ್ತಾರೆ. .44 ಸ್ಪೆಷಲ್ ಮತ್ತು .44 ಮ್ಯಾಗ್ನಮ್ ಇದೇ ಥರದ ಜೋಡಿ. .40 ಮತ್ತು 10 ಎಂಎಂ ಕೂಡ.

ಇಲ್ಲಿ ಒಂದು ಮಾತು ನಿಂತು ಕೇಳಿ. .357 ಮ್ಯಾಗ್ನಮ್ 1935ರಲ್ಲಿ ಬಂತು. ಅದರ ಕೊಳವೆಯನ್ನ ಯಾಕೆ ಉದ್ದ ಮಾಡಿದ್ರು? ಮದ್ದು ಹಿಡಿಯಲ್ಲ ಅಂತ ಅಲ್ಲ. ಹಳೇ .38 ರಿವಾಲ್ವರಿನೊಳಗೆ ಅದು ಹೋಗಲೇಬಾರದು ಅಂತ. ಹಳೇದಕ್ಕೆ ನಿಗದಿಯಾದ ಗರಿಷ್ಠ ಒತ್ತಡ 17,000 ಪಿಎಸ್‌ಐ, ಹೊಸದಕ್ಕೆ 35,000. ಪಿಎಸ್‌ಐ ಅಂದ್ರೆ ನಮ್ಮ ಠಾಣೆಯ ಸಾಹೇಬರಲ್ಲ, ಪಂಕ್ಚರ್ ಅಂಗಡಿಯವನು ಬೈಕ್ ಟೈರಿಗೆ ಮೂವತ್ತರ ಆಸುಪಾಸು ಹಾಕ್ತಾನಲ್ಲ, ಅದು. ಅಂದ್ರೆ ಆ ಮೂರೂವರೆ ಮಿಲಿಮೀಟರ್ ಉದ್ದವೇ ಕೈಯಲ್ಲಿ ರಿವಾಲ್ವರ್ ಸಿಡಿಯದಂತೆ ಹಾಕಿದ ಬೇಲಿ. ಡೈ ಒಂದೇ ಆದ ಮಾತ್ರಕ್ಕೆ ಬೇಲಿ ಇಲ್ಲ ಅಂತಲ್ಲ. ಡೈ ಆಕಾರ ಕೊಡುತ್ತೆ ಅಷ್ಟೇ. ಒಳಗೆ ಎಷ್ಟು ಮದ್ದು ಬಿತ್ತು, ಆ ಬಂದೂಕು ಅದನ್ನ ತಡೆಯುತ್ತಾ ಅನ್ನೋದು ಡೈಗೆ ಗೊತ್ತಾಗಲ್ಲ.

ಹೆಸರು ನಂಬಿ ಮೋಸ ಹೋಗೋದು ಇನ್ನೊಂದು ಕಥೆ. .38 ಸ್ಪೆಷಲ್ ಅಂದೆನಲ್ಲ, ಅದಕ್ಕೂ ಮೊದಲೇ, 1877ರಿಂದ, .38 ಸ್ಮಿತ್ ಅಂಡ್ ವೆಸನ್ ಅಂತ ಒಂದಿದೆ. ಬ್ರಿಟಿಷರು ತಮ್ಮ ಸೇನೆಯ ರಿವಾಲ್ವರಿಗೆ ತಗೊಂಡಿದ್ದು ಇದನ್ನೇ. ಅವರ ಲೆಕ್ಕದಲ್ಲಿ ಅದರ ಹೆಸರು.380. ಹೆಸರಲ್ಲಿ ಎರಡೂ ಮೂವತ್ತೆಂಟೇ. ಆದರೆ ಹಳೇದರ ಕೊಳವೆ ಸುಮಾರು 0.18 ಮಿಲಿಮೀಟರ್ ದಪ್ಪ. ಎರಡು ಜೆರಾಕ್ಸ್ ಹಾಳೆಗಿಂತ ಕಮ್ಮಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ರಿವಾಲ್ವರ್‌ಗಳು ರಾಶಿ ರಾಶಿಯಾಗಿ ಉಳಿದವು. ವ್ಯಾಪಾರಿಗಳು ಅವುಗಳ ಕೋಣೆಯನ್ನ ಮುಂದಕ್ಕೆ ಕೊರೆದು .38 ಸ್ಪೆಷಲ್ ಹೋಗುವ ಹಾಗೆ ಮಾಡಿ ಮಾರಿದ್ರು. ಹಿಂಭಾಗ ಹಳೇ ಅಗಲದಲ್ಲೇ ಉಳೀತು. ಅದರಲ್ಲಿ ಹೊಡೆದ ತೋಟಾಗಳ ಬುಡ ಉಬ್ಬೋದು, ಕೆಲವು ಸೀಳೋದು. ಎರಡು ಹಾಳೆ ಜಾಗಕ್ಕೆ ಇಷ್ಟು ರಗಳೆ.

ಅಂದ ಹಾಗೆ ಈ .38ರ ಗುಂಡಿನ ನಿಜವಾದ ಅಳತೆ .357 ಇಂಚು. .44ರದ್ದು .429. ಬಂದೂಕಿನ ಲೋಕದಲ್ಲಿ ಸಂಖ್ಯೆ ಅನ್ನೋದು ಅಳತೆಗಿಂತ ಹೆಚ್ಚಾಗಿ ಮನೆತನದ ಹೆಸರು. 9 ಎಂಎಂ ಮತ್ತು .380 ಆಟೋ, ಇವೆರಡರ ಗುಂಡಿನ ದಪ್ಪ ಒಂದೇ, ಆದರೆ 9 ಎಂಎಂ ಕೊಳವೆ ಬುಡದಲ್ಲಿ ದಪ್ಪ, ಬಾಯಿಗೆ ಹೋಗ್ತಾ ಸಣ್ಣ. ಡೈ ಬೇರೆ ಬೇರೆಯೇ ಬೇಕು. ಇನ್ನು .380 ಆಟೋಗೂ ನಾನು ಈಗ ಹೇಳಿದ ಬ್ರಿಟಿಷ್ .380ಗೂ ಏನೂ ಸಂಬಂಧ ಇಲ್ಲ. ತಲೆ ತಿರುಗ್ತಿದೆಯಾ? ತಿರುಗಲಿ. ತಿರುಗಿದವರು ಹುಷಾರಾಗಿರ್ತಾರೆ.

ಈಗ ನಮ್ಮ ಕಾಕಾನ .32ಕ್ಕೆ ಬರೋಣ. ನಮ್ಮ ದೇಶದಲ್ಲಿ ಲೈಸೆನ್ಸ್ ಇರೋರ ಕೈಯಲ್ಲಿ .32 ಯಾಕೆ ಇಷ್ಟು ಕಾಣುತ್ತೆ ಗೊತ್ತಾ? ಸೇನೆಯ ಗುಂಡು ಜನರ ಬಂದೂಕಿಗೆ ಹೋಗಬಾರದು ಅನ್ನೋ ನಿಯಮದಿಂದ. ಬ್ರಿಟಿಷರ .380, .455, ಸೇನೆಯ 9 ಎಂಎಂ, .45, ಇವನ್ನ ಹಾಕಿ ಹೊಡೆಯಬಹುದಾದ ಪಿಸ್ತೂಲು, ರಿವಾಲ್ವರ್ ಎಲ್ಲ ನಿಷೇಧಿತ ಪಟ್ಟಿಯಲ್ಲಿವೆ. ಉಳಿದದ್ದು .32. ಕಾನೂನು ಕೂಡ ಇಲ್ಲಿ ಬಂದೂಕಿನ ಹೆಸರು ನೋಡಲ್ಲ, ಅದರೊಳಗೆ ಯಾವ ತೋಟಾ ಹೋಗುತ್ತೆ ಅಂತ ನೋಡುತ್ತೆ. ನನಗೆ ಇದು ಜಾಣತನ ಅನ್ನಿಸ್ತು.

ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ತಿನ್ನೋದು .32 ಸ್ಮಿತ್ ಅಂಡ್ ವೆಸನ್ ಲಾಂಗ್ ಅನ್ನೋ ತೋಟಾ. 1896ರದ್ದು. 2014ರಲ್ಲಿ ಮಹಿಳೆಯರಿಗೆ ಅಂತ ಸುದ್ದಿಯಾದ ‘ನಿರ್ಭೀಕ್’ ಕೂಡ ಇದೇ ಜಾತಿ. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ ಗುಂಡುಗಳ ತಳದಲ್ಲಿ ‘ಕೆಎಫ್’ ಅಂತ ಅಕ್ಷರ ಇರುತ್ತೆ, ಸುದ್ದಿಗಳಲ್ಲಿ ನೋಡಿರಬಹುದು. ಕಾಕಾನ .32 ಲಾಂಗ್‌ಗೂ .38ಕ್ಕೂ ಡೈ ವಿಷಯದಲ್ಲಿ ಏನೂ ನಂಟಿಲ್ಲ. .32ರ ಕೊಳವೆ 8.6 ಮಿಲಿಮೀಟರ್, .38ರ ಡೈಯೊಳಗೆ ಅದು ಗಡಿಗೆಯೊಳಗೆ ಚಮಚ ಆಡಿದಂಗೆ ಆಡುತ್ತೆ. ಹುಡುಗನ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ಆಗಲ್ಲ.

ಆದರೆ .32 ಲಾಂಗ್‌ಗೆ ಅದರದ್ದೇ ಒಂದು ಕುಟುಂಬ ಇದೆ. 1984ರ .32 ಎಚ್ ಅಂಡ್ ಆರ್ ಮ್ಯಾಗ್ನಮ್, ಆಮೇಲೆ ಬಂದ .327 ಫೆಡರಲ್ ಮ್ಯಾಗ್ನಮ್. ದಪ್ಪ ಒಂದೇ, ಉದ್ದ ಒಂದಕ್ಕಿಂತ ಒಂದು ಜಾಸ್ತಿ, ಡೈ ಹಂಚಿಕೊಳ್ತವೆ. ಒತ್ತಡ ಮಾತ್ರ ಲಾಂಗ್‌ಗೆ 15,000 ಪಿಎಸ್‌ಐ, .327ಕ್ಕೆ 45,000. ಅಣ್ಣತಮ್ಮಂದಿರೇ, ಆದರೆ ಒಬ್ಬ ಸೈಕಲ್ ಹೊಡೆಯೋನು, ಇನ್ನೊಬ್ಬ ಲಾರಿ ಹೊಡೆಯೋನು.

ಈ .32 ಲಾಂಗ್‌ನ್ನ ಹಳೇ ಕಾಲದ ಬಡಪಾಯಿ ಅನ್ಕೋಬೇಡಿ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ 7.62ರಿಂದ 9.65 ಮಿಲಿಮೀಟರ್ ತನಕ ಅವಕಾಶ ಇದ್ರೂ ಜಗತ್ತಿನ ಹೆಚ್ಚಿನ ಶೂಟರ್‌ಗಳು ಬಳಸೋದು ಇದನ್ನೇ, ತುದಿ ಚಪ್ಪಟೆ ಇರೋ ಗುಂಡಿನೊಂದಿಗೆ. ಧಕ್ಕೆ ಕಮ್ಮಿ, ಕಾಗದದ ಗುರಿಯಲ್ಲಿ ತೂತು ಪಂಚ್ ಹೊಡೆದಂಗೆ ದುಂಡಗೆ ಬೀಳುತ್ತೆ. ನಮ್ಮ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿದ್ದು, 2006ರ ದೋಹಾದಲ್ಲಿ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದು ಇದೇ ಸೆಂಟರ್ ಫೈರ್ ಸ್ಪರ್ಧೆಯಲ್ಲಿ.

ಇಷ್ಟು ಹೇಳಿದ ಮೇಲೆ ಹುಡುಗ ಅಂದ: ‘ಹಂಗಾದ್ರ .32ರ ಡೈನೇ ತರಿಸ್ತೀನಿ ಬಿಡಣ್ಣಾ.’

ನಾನು ಹೆದರಿದ್ದು ಆಗ. ಯಾಕಂದ್ರೆ ತಾಂತ್ರಿಕವಾಗಿ ಸರಿ ಉತ್ತರ ಕೊಟ್ಟು ಅವನನ್ನ ಜೈಲಿನ ದಾರಿಗೆ ಹಚ್ಚಿದಂಗಾಗಿತ್ತು.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಮದ್ದುಗುಂಡು’ ಅನ್ನೋ ಪದಕ್ಕೆ ಒಂದು ವ್ಯಾಖ್ಯಾನ ಇದೆ. ನಾವು ತಿಳ್ಕೊಂಡಿರೋದು ಗುಂಡು, ಬಾಂಬು, ಇಷ್ಟೇ. ಕಾಯ್ದೆಯ ಪಟ್ಟಿಯಲ್ಲಿ ಮದ್ದುಗುಂಡಿನ ಬಿಡಿಭಾಗಗಳು ಮತ್ತು ಮದ್ದುಗುಂಡು ತಯಾರಿಸೋ ಯಂತ್ರಸಾಮಗ್ರಿ ಕೂಡ ಸೇರಿವೆ. ಮತ್ತೊಮ್ಮೆ ಕೇಳಿಸ್ಕೊಳ್ಳಿ: ತಯಾರಿಸೋ ಸಾಮಗ್ರಿಯೂ ಮದ್ದುಗುಂಡೇ. ಅಂದ್ರೆ ಆ ಉಕ್ಕಿನ ಡೈ, ಒಂದು ಚಿಟಿಕೆ ಮದ್ದು ಇಲ್ಲದಿದ್ರೂ, ನಿಮ್ಮ ಮನೆಗೆ ಕೊರಿಯರ್‌ನಲ್ಲಿ ಬಂದ ಕ್ಷಣದಿಂದ ಕೇಸಿಗೆ ವಸ್ತು ಆಗಬಹುದು. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದಕ್ಕೆ 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿ ತನಕ ಹೋಗಬಹುದು. ಕಾಕಾನ ಲೈಸೆನ್ಸ್ ಇದೆಯಲ್ಲ ಅಂತೀರಾ? ಅದು ರಿವಾಲ್ವರ್ ಇಟ್ಕೊಳ್ಳೋ ಲೈಸೆನ್ಸ್. ಗುಂಡು ತಯಾರಿಸೋ ಲೈಸೆನ್ಸ್ ಅಲ್ಲ. ಹುಡುಗನ ಹೆಸರಿನದ್ದಂತೂ ಅಲ್ಲವೇ ಅಲ್ಲ.

ಕೊಡಗಿನ ಕೇಳುಗರು ಈಗ ಕಾಮೆಂಟ್ ಹಾಕೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ಹೌದು, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಇಟ್ಕೊಳ್ಳೋದಕ್ಕೆ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನ 2029ರ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅದು ಇಟ್ಕೊಳ್ಳೋದರ ಮಾತು. ಮನೆಯಲ್ಲಿ ತೋಟಾ ಕಾರ್ಖಾನೆ ತೆಗೆಯೋದಕ್ಕಲ್ಲ.

ಕಾನೂನು ಬಿಡಿ, ಮೈಗೆ ಆಗೋ ಅಪಾಯ ನೋಡಿ. ಕೈಬಂದೂಕಿನ ತೋಟಾಕ್ಕೆ ಬೀಳೋ ಮದ್ದು ಬಹಳ ಕಮ್ಮಿ, ಕೊಳವೆಯಲ್ಲಿ ಜಾಗ ಜಾಸ್ತಿ. ಮರೆತು ಎರಡು ಸಲ ಹಾಕಿದ್ರೂ ತುಳುಕಲ್ಲ, ಗುಂಡು ಕೂರಿಸಿದ ಮೇಲೆ ಹೊರಗಿಂದ ಗೊತ್ತೂ ಆಗಲ್ಲ. ಹಾಕೋದನ್ನೇ ಮರೆತ್ರೆ? ಪ್ರೈಮರ್ ಒಂದರ ಜೋರಿಗೆ ಗುಂಡು ನಳಿಗೆಯ ಮಧ್ಯದ ತನಕ ಹೋಗಿ ನಿಲ್ಲುತ್ತೆ. ಸದ್ದು ಸಣ್ಣಗೆ ಬರುತ್ತೆ. ‘ಏನೋ ಟುಸ್ ಅಂತು’ ಅಂತ ಇನ್ನೊಂದು ಒತ್ತಿದ್ರೆ ಮುಂದಿನ ಗುಂಡಿಗೆ ದಾರಿ ಇಲ್ಲ. ಆಗ ಉಬ್ಬೋದು, ಒಡೆಯೋದು ನಳಿಗೆ. ವಿದೇಶದಲ್ಲಿ ಇದನ್ನ ಹವ್ಯಾಸ ಮಾಡ್ಕೊಂಡೋರು ಮದ್ದಿನ ಕಂಪನಿಯ ಪುಸ್ತಕ ಪಕ್ಕಕ್ಕಿಟ್ಟುಕೊಂಡು, ತಕ್ಕಡಿಯಲ್ಲಿ ತೂಗಿ, ಒಂದೊಂದು ಕೊಳವೆಯೊಳಗೂ ಬೆಳಕು ಬಿಟ್ಟು ನೋಡಿ ಮಾಡ್ತಾರೆ. ಹತ್ತು ನಿಮಿಷದ ವಿಡಿಯೋದಲ್ಲಿ ಆ ಬೇಸರದ ಭಾಗ ಕತ್ತರಿಸಿರ್ತಾರೆ.

ಅಷ್ಟೊತ್ತಿಗೆ ಕಾಕಾಗೆ ಎಚ್ಚರ ಆಗಿತ್ತು. ‘ಏನ್ರಪಾ ನಿಮ್ಮದು ನಡುರಾತ್ರ್ಯಾಗ?’ ಅಂತ ಫೋನ್ ಕಸ್ಕೊಂಡ್ರು. ನಾನು ವಿಷಯ ಹೇಳಿದೆ. ಬೈಗುಳ ಬೀಳುತ್ತೆ ಅನ್ಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: ‘ಡೈ ಗಿಯ್ ಬ್ಯಾಡ. ಆದ್ರ ನನ್ನ ಕಡಿ ಒಂದು ಹಳೇ ಡಬ್ಬಿ ಅದ. ಅದರಾಗಿನವು ಸಣ್ಣವು ಅದಾವ. ಎಲ್ಲಾ ಮೂವತ್ತೆರಡೇ ಅಂತ ಇಟ್ಟೀನಿ.’

ವಿಡಿಯೋ ಕಾಲ್ ಮಾಡಿಸಿದೆ. ರಿವಾಲ್ವರ್ ಮುಟ್ಟೋದು ಬೇಡ, ಡಬ್ಬಿ ಮಾತ್ರ ಬಿಚ್ಚಿ ತೋರಿಸಿ ಅಂದೆ. ಟಾರ್ಚ್ ಬೆಳಕಲ್ಲಿ ಎರಡು ಸಾಲು. ಒಂದು ಸಾಲು ಉದ್ದ, ತಳದಲ್ಲಿ ಅಗಲ ಅಂಚು, ಕೆಎಫ್ ಅಕ್ಷರ. ಇನ್ನೊಂದರಲ್ಲಿ ನಾಲ್ಕು ತೋಟಾ, ಗಿಡ್ಡ, ಅಂಚು ಹೊರಗೆ ಬಂದಿರೋದು ಕಂಡೂ ಕಾಣದಷ್ಟು, ಅದರ ಮೇಲೊಂದು ಗಾಡಿ. ನಮ್ಮ ಹುಡುಗ ತಳದ ಅಕ್ಷರ ಓದಿದ: ‘ಎಸಿಪಿ ಅಂತದಣ್ಣಾ.’

ಅದು .32 ಎಸಿಪಿ. ಪಿಸ್ತೂಲಿನದು, ರಿವಾಲ್ವರಿನದಲ್ಲ. ನಮ್ಮಲ್ಲಿ ಸರ್ಕಾರಿ ಕಾರ್ಖಾನೆಯ .32 ಪಿಸ್ತೂಲಿಗೆ ಹೋಗೋದು ಇದು. ಕೊಳವೆಯ ಉದ್ದ 17 ಮಿಲಿಮೀಟರ್, ಲಾಂಗ್‌ನದು 23. ಆದರೆ ದಪ್ಪ ಹೆಚ್ಚುಕಮ್ಮಿ ಅದೇ. ಹಾಗಾಗಿ .32 ಲಾಂಗ್ ರಿವಾಲ್ವರಿನ ಕೋಣೆಯೊಳಗೆ ಅದು ಜಾರಿ ಕೂತುಬಿಡಬಹುದು. ಸಿಡಿಯಲೂಬಹುದು. .357ರ ಮಂದಿ ಹಾಕಿದ ಉದ್ದದ ಬೇಲಿ ಇಲ್ಲಿ ಇಲ್ಲ, ಯಾಕಂದ್ರೆ ಹೆಚ್ಚು ಒತ್ತಡದ್ದೇ ಇಲ್ಲಿ ಗಿಡ್ಡ: ಎಸಿಪಿಗೆ 20,500 ಪಿಎಸ್‌ಐ, ಲಾಂಗ್‌ಗೆ 15,000. ಹಳೇ ರಿವಾಲ್ವರಿಗೆ ಅದು ಸಣ್ಣ ಮಾತಲ್ಲ. ಆ ನಾಲ್ಕು ಎಲ್ಲಿಂದ ಬಂದವು ಅಂತ ಕಾಕಾಗೂ ನೆನಪಿಲ್ಲ. ಹದಿನೈದು ವರ್ಷ ‘ಎಲ್ಲಾ ಮೂವತ್ತೆರಡೇ’ ಅಂತ ಒಂದೇ ಡಬ್ಬಿಯಲ್ಲಿದ್ದವು.

ನಿಮ್ಮ ಮನೆಯಲ್ಲಿ ಲೈಸೆನ್ಸ್ ಬಂದೂಕು ಇದ್ರೆ, ಅಪ್ಪನನ್ನೋ ದೊಡ್ಡಪ್ಪನನ್ನೋ ಕೂರಿಸ್ಕೊಂಡು ಮೂರು ಕಡೆ ಓದಿ. ಬಂದೂಕಿನ ನಳಿಗೆ ಮೇಲಿನ ಅಕ್ಷರ, ತೋಟಾದ ತಳದ ಅಕ್ಷರ, ಪೆಟ್ಟಿಗೆ ಮೇಲಿನ ಪೂರ್ತಿ ಹೆಸರು. ಸಂಖ್ಯೆ ಒಂದೇ ಇದ್ರೆ ಸಾಲದು, ಸಂಖ್ಯೆ ಆದ ಮೇಲೆ ಬರೋ ಪದವೂ ಒಂದೇ ಇರಬೇಕು. ಹೊಂದದ್ದು ಸಿಕ್ಕರೆ ಒಲೆಗೆ ಹಾಕೋದು, ಕಾಲುವೆಗೆ ಎಸೆಯೋದು, ಗೆಳೆಯನಿಗೆ ಕೊಡೋದು, ಮೂರೂ ಬೇಡ. ನೀವೇ ಲೈಸೆನ್ಸ್ ಪುಸ್ತಕ ತಗೊಂಡು ಠಾಣೆಗೆ ಹೋಗಿ ಬರಹದಲ್ಲಿ ಒಪ್ಪಿಸಿ, ರಸೀದಿ ಕೇಳಿ. ಒಬ್ಬ ವಕೀಲರ ಹತ್ತಿರ ಮೊದಲು ಮಾತಾಡ್ಕೊಂಡು ಹೋದ್ರೆ ಇನ್ನೂ ಒಳ್ಳೇದು.

ಕಾಕಾ ಮರುದಿನ ಹೋದ್ರು. ಎರಡು ತಾಸು ಕೂರಿಸಿದ್ರಂತೆ, ಹತ್ತು ಪ್ರಶ್ನೆ ಕೇಳಿದ್ರಂತೆ, ಆಮೇಲೆ ಬರ್ಕೊಂಡು ತಗೊಂಡ್ರಂತೆ. ಸಂಜೆ ಹುಡುಗ ಸ್ಕ್ರೀನ್‌ಶಾಟ್ ಕಳಿಸಿದ, ಕಾರ್ಟ್ ಖಾಲಿ. ಅದರ ಕೆಳಗೆ ಇನ್ನೊಂದು ಮೆಸೇಜು: ‘ಅಣ್ಣಾ, ರಾಯಚೂರ ಕಡೆ ರೈಫಲ್ ಕ್ಲಬ್ ಅದಾವೇನು? ಏರ್ ಪಿಸ್ತೂಲ್ ಕಲಿಬೇಕಂತ ಅದೀನಿ.’ ವಿಚಾರಿಸ್ತಾ ಇದ್ದೀನಿ. ನಿಮಗೆ ಯಾರಿಗಾದ್ರೂ ಗೊತ್ತಿದ್ರೆ ಕಾಮೆಂಟ್‌ನಲ್ಲಿ ಬರೀರಿ.